ಹೊಸದಾಗಿ ಕಟ್ಟಿಸಿದ ಎಂಜಿನ್ ನಡುಗುತ್ತಿದೆಯೇ? ಮತ್ತೆ ಬಿಚ್ಚುವ ಮುನ್ನ ಇಷ್ಟು ನೋಡಿ

ಬೀದರ್: ಸಿಲಿಂಡರಿಗೆ ಬೋರ್ ಹೊಡೆಸಿ, ಹೊಸ ಪಿಸ್ಟನ್, ರಿಂಗ್ ಹಾಕಿಸಿ, ಸಾವಿರಾರು ರೂಪಾಯಿ ತೆತ್ತು ಗ್ಯಾರೇಜಿನಿಂದ ಹೊರತಂದ ಹಳೆಯ ಅಂಬಾಸಿಡರ್ ನಿಂತಲ್ಲೇ ನಡುಗುತ್ತದೆ. ಆಕ್ಸಿಲರೇಟರ್ ತುಳಿದರೆ ಮುಗ್ಗರಿಸುತ್ತದೆ. ‘ಎಂಜಿನ್ ಸರಿಯಾಗಿ ಕಟ್ಟಿಲ್ಲ’ ಎಂದು ಮಾಲೀಕ, ‘ಬಿಡಿಭಾಗವೇ ಸರಿಯಿಲ್ಲ’ ಎಂದು ಮೆಕ್ಯಾನಿಕ್. ಕೊನೆಗೆ ಎಂಜಿನ್ ಮತ್ತೊಮ್ಮೆ ಬಿಚ್ಚಲ್ಪಡುತ್ತದೆ.

ಆದರೆ ಇಂತಹ ದೋಷ ಬಹುತೇಕ ಎಂಜಿನ್ನಿನ ಒಳಗಿರುವುದಿಲ್ಲ. ಹೊರಗೆ ಜೋಡಿಸಿದ ಭಾಗಗಳ ಹೊಂದಾಣಿಕೆಯಲ್ಲಿರುತ್ತದೆ. ಔರಾದಿನಿಂದ ಮಾಂಜ್ರಾ ದಾಟಿ ಬೀದರಿನ ಗ್ಯಾರೇಜಿಗೆ ಕಾರನ್ನು ಎಳೆದು ತರುವ ಮುನ್ನ ಮನೆಯಂಗಳದಲ್ಲೇ ಕ್ರಮವಾಗಿ ಪರೀಕ್ಷಿಸಿದರೆ ಹಣವೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ.

ಇಲ್ಲಿ ನೀಡಿರುವ ಅಳತೆಗಳು ಅಂಬಾಸಿಡರಿನ 1,489 ಸಿ.ಸಿ. ಪೆಟ್ರೋಲ್ ಎಂಜಿನ್ನಿಗೆ ಸಂಬಂಧಿಸಿದವು. ಬ್ರಿಟನ್ನಿನ ಬಿಎಂಸಿ ಕಂಪನಿಯ ‘ಬಿ’ ಸರಣಿಯ ಎಂಜಿನ್ ಇದು. 1990ರ ದಶಕದಲ್ಲಿ ಬಂದ ಇಸುಜು ಎಂಜಿನ್ನಿಗೆ ಈ ಅಳತೆಗಳು ಅನ್ವಯಿಸುವುದಿಲ್ಲ. ಪದ್ಮಿನಿಗೂ ಪರೀಕ್ಷೆಯ ಕ್ರಮ ಇದೇ ಆದರೂ ಅಳತೆಗಳು ಬೇರೆ.

ವಿಳಂಬ ಏಕೆ ಸಲ್ಲದು?

ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು ಮೊದಲ 800 ಕಿ.ಮೀ. ಓಟದಲ್ಲಿ. ಈ ಅವಧಿಯಲ್ಲಿ ಒಂದು ಸಿಲಿಂಡರ್ ಉರಿಯದಿದ್ದರೆ ಅಲ್ಲಿಗೆ ಬಂದ ಪೆಟ್ರೋಲ್ ಗೋಡೆಯ ಮೇಲಿನ ಆಯಿಲನ್ನು ತೊಳೆದುಹಾಕುತ್ತದೆ. ಹೊಸ ಬೋರ್ ಬೇಗನೆ ಸವೆಯುತ್ತದೆ. ‘ಓಡುತ್ತಾ ಓಡುತ್ತಾ ಸರಿಹೋಗುತ್ತದೆ’ ಎಂದು ಕಾಯುವುದು ಆದ್ದರಿಂದ ಅಪಾಯಕಾರಿ.

ಯಾವ ಸಿಲಿಂಡರ್?

ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ರಬ್ಬರ್ ಹಿಡಿಯ ಇಕ್ಕಳದಿಂದ ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಕಳಚಿ ಮತ್ತೆ ಸಿಕ್ಕಿಸಬೇಕು. ಕೆಲಸ ಮಾಡುತ್ತಿರುವ ಸಿಲಿಂಡರಿನ ವೈರ್ ತೆಗೆದಾಗ ಎಂಜಿನ್ನಿನ ವೇಗ ಇಳಿಯುತ್ತದೆ. ಯಾವುದನ್ನು ತೆಗೆದರೂ ವ್ಯತ್ಯಾಸವಾಗದೋ ದೋಷ ಅಲ್ಲಿದೆ. ನಾಲ್ಕೂ ಒಂದೇ ಬಗೆಯಾಗಿದ್ದರೆ ದೋಷ ಟೈಮಿಂಗ್ ಅಥವಾ ಕಾರ್ಬುರೇಟರಿನಲ್ಲಿರುವ ಸಾಧ್ಯತೆ ಹೆಚ್ಚು.

ಮೊದಲು ಟ್ಯಾಪೆಟ್, ಕಂಪ್ರೆಷನ್

ಟ್ಯಾಪೆಟ್ ಅಂತರ ಎಂಜಿನ್ ತಣ್ಣಗಿರುವಾಗ 0.015 ಇಂಚು ಇರಬೇಕು. ತೀರಾ ಬಿಗಿಯಾದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ಹೊಂದಿಸಲು ‘ಒಂಬತ್ತರ ಲೆಕ್ಕ’ ಸುಲಭ. ರೇಡಿಯೇಟರ್ ಕಡೆಯಿಂದ ವಾಲ್ವ್‌ಗಳನ್ನು 1ರಿಂದ 8ರವರೆಗೆ ಎಣಿಸಿ. 8ನೆಯದು ಪೂರ್ತಿ ತೆರೆದಾಗ 1ನೆಯದನ್ನು, 6ನೆಯದು ತೆರೆದಾಗ 3ನೆಯದನ್ನು ಹೊಂದಿಸಿ. ಎರಡರ ಮೊತ್ತ ಸದಾ ಒಂಬತ್ತು.

ಬಳಿಕ ಗೇಜ್ ಹಾಕಿ ಕಂಪ್ರೆಷನ್ ಅಳೆಯಬೇಕು. ಹೊಸ ರಿಂಗ್ ಇರುವುದರಿಂದ ಒಟ್ಟು ಒತ್ತಡ ತುಸು ಕಡಿಮೆ ಇರಬಹುದು; ನಾಲ್ಕೂ ಸಮನಾಗಿರುವುದು ಮುಖ್ಯ. ಒಂದು ಮಾತ್ರ ಕಡಿಮೆಯಿದ್ದರೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗಿನ ದೋಷ; ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟಿನ ದೋಷ. ಪಕ್ಕಪಕ್ಕದ ಎರಡು ಸಿಲಿಂಡರ್ ಕಡಿಮೆಯಿದ್ದರೆ ನಡುವಿನ ಗ್ಯಾಸ್ಕೆಟ್ ಮೇಲೆ ಅನುಮಾನಪಡಬೇಕು.

ನಂತರ ಕಿಡಿ

ಈ ಎಂಜಿನ್ನಿನ ಸಿಲಿಂಡರುಗಳು ಉರಿಯುವ ಕ್ರಮ 1-3-4-2. ಡಿಸ್ಟ್ರಿಬ್ಯೂಟರಿನ ರೋಟರ್ ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಇದನ್ನು ಮರೆತು ವೈರ್ ಜೋಡಿಸಿದರೆ 2 ಮತ್ತು 3ನೆಯವು ಅದಲುಬದಲಾಗುತ್ತವೆ. ಎರಡೇ ಸಿಲಿಂಡರಿನಲ್ಲಿ ಕಾರು ಕುಂಟುತ್ತದೆ. ಪಾಯಿಂಟ್ ಅಂತರ 0.015 ಇಂಚು, ಪ್ಲಗ್ ಅಂತರ 0.025 ಇಂಚು ಇರಲಿ. ಪಾಯಿಂಟ್ ಬೇಗ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರ್ ಬದಲಿಸಿ. ಹೊಸದೆಂಬ ಕಾರಣಕ್ಕೆ ಅದನ್ನು ನಂಬಬೇಕಾಗಿಲ್ಲ.

ಕೊನೆಗೆ ಗಾಳಿ ಮತ್ತು ಪೆಟ್ರೋಲ್

ಗಾಳಿ ಒಳಬರುವ ಮತ್ತು ಹೊಗೆ ಹೊರಹೋಗುವ ಮ್ಯಾನಿಫೋಲ್ಡುಗಳು ಹೆಡ್‌ನ ಒಂದೇ ಬದಿಯಲ್ಲಿವೆ. ನಟ್ಟುಗಳು ಸಮನಾಗಿ ಬಿಗಿಯಾಗದಿದ್ದರೆ ಗ್ಯಾಸ್ಕೆಟ್ ಮೂಲಕ ಹೊರಗಿನ ಗಾಳಿ ನುಗ್ಗುತ್ತದೆ. ಎಂಜಿನ್ ಓಡುತ್ತಿರುವಾಗ ಒಳಬದಿಯ ಸಂದಿಗೆ ಕೆಲವು ಹನಿ ಎಂಜಿನ್ ಆಯಿಲ್ ಬಿಡಿ. ಓಟದ ಸದ್ದು ಬದಲಾದರೆ ಸೋರಿಕೆ ಅಲ್ಲಿದೆ. ಇದಕ್ಕೆ ಪೆಟ್ರೋಲ್ ಎಂದಿಗೂ ಬಳಸಬಾರದು, ಬೆಂಕಿ ಹೊತ್ತಿಕೊಳ್ಳುತ್ತದೆ.

ಎಸ್‌ಯು ಕಾರ್ಬುರೇಟರ್ ಇದ್ದರೆ ಅದರ ಪಿಸ್ಟನ್ ಎತ್ತಿ ಬಿಟ್ಟಾಗ ‘ಟಕ್’ ಎಂದು ಕೂರಬೇಕು. ಎಂಜಿನ್ ಬಿಸಿಯಾದ ಮೇಲೆ ಅದನ್ನು ಕೂದಲೆಳೆಯಷ್ಟು ಎತ್ತಿ ನೋಡಿ. ವೇಗ ಏರಿ ಹಾಗೆಯೇ ನಿಂತರೆ ಪೆಟ್ರೋಲ್ ಹೆಚ್ಚು; ಎಂಜಿನ್ ನಿಂತುಹೋದರೆ ಕಡಿಮೆ. ಕ್ಷಣಕಾಲ ಏರಿ ಮೊದಲಿನಂತಾದರೆ ಸರಿ.

ಇಂದಿನ ಪೆಟ್ರೋಲಿನ ವಿಷಯವೂ ಗಮನಾರ್ಹ. ನಮ್ಮದು ಕಬ್ಬಿನ ಜಿಲ್ಲೆ. ಕಬ್ಬಿನಿಂದಲೂ ತಯಾರಾಗುವ ಎಥನಾಲ್ ಈಗ ಪೆಟ್ರೋಲಿನಲ್ಲಿ ಶೇ 20ರಷ್ಟಿದೆ. ಎಥನಾಲಿನಲ್ಲಿಯೇ ಆಮ್ಲಜನಕ ಇರುವುದರಿಂದ ಹಳೆಯ ಹೊಂದಾಣಿಕೆಯ ಕಾರ್ಬುರೇಟರಿಗೆ ಮಿಶ್ರಣ ತೆಳುವಾಗುತ್ತದೆ. ಜೆಟ್ ಕೆಳಗಿನ ನಟ್ಟನ್ನು ಸ್ವಲ್ಪ ಕೆಳಗಿಳಿಸಿದರೆ ಇದು ಸರಿಹೋಗುತ್ತದೆ. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಂಗಳನ್ನೂ ಎಥನಾಲ್ ಹಾಳುಮಾಡಬಲ್ಲುದು. ಎಂಜಿನ್ ಕಟ್ಟಿಸುವಾಗಲೇ ಇವನ್ನು ಬದಲಿಸುವುದು ಲೇಸು.

ಬಿಚ್ಚಬೇಕಾದದ್ದು ಯಾವಾಗ?

ಮೇಲಿನ ಎಲ್ಲವೂ ಸರಿಯಿದ್ದು ಎಳೆತ ಕಡಿಮೆಯಿದ್ದರೆ ಟೈಮಿಂಗ್ ಚೈನ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಇದನ್ನೂ ಹೊರಗಿನಿಂದಲೇ ಊಹಿಸಬಹುದು. 1ನೇ ಪಿಸ್ಟನ್ ಕಂಪ್ರೆಷನ್ನಿನ ತುತ್ತತುದಿಯಲ್ಲಿರುವಾಗ 4ನೇ ಸಿಲಿಂಡರಿನ ಒಂದು ವಾಲ್ವ್ ಮುಚ್ಚುತ್ತಾ, ಇನ್ನೊಂದು ತೆರೆಯುತ್ತಾ ಇರಬೇಕು. ಹಾಗಿಲ್ಲದಿದ್ದರೆ ಮುಂದಿನ ಕವರ್ ತೆಗೆದು ಎರಡು ಚಕ್ರಗಳ ಗುರುತು ಎದುರುಬದುರಾಗಿವೆಯೇ ನೋಡಬೇಕು.

ಕಾನೂನಿನ ಬಿಸಿ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿದೆ. ಅಂಬಾಸಿಡರ್ ತಯಾರಿಕೆ ನಿಂತದ್ದೇ 2014ರಲ್ಲಿ. ಆದ್ದರಿಂದ ಬೀದರಿನ ಕೆಎ 38, ಭಾಲ್ಕಿಯ ಕೆಎ 39 ಸಂಖ್ಯೆ ಹೊತ್ತ ಅಂಬಾಸಿಡರುಗಳ ಮಾಲೀಕರಿಗೆ ಈ ಶುಲ್ಕದ ಬಿಸಿ ತಟ್ಟಲಿದೆ. ಉರಿಯದ ಪೆಟ್ರೋಲ್ ಉಗುಳುವ ಎಂಜಿನ್ ಹೊಗೆ ತಪಾಸಣೆಯಲ್ಲಿ ಪಾಸಾಗುವುದೂ ಕಷ್ಟ.

ಒಂದು ನಿಯಮ ಮರೆಯದಿರಿ: ಒಮ್ಮೆಗೆ ಒಂದನ್ನೇ ಬದಲಿಸಿ, ಬೀದರಿನಿಂದ ಭಾಲ್ಕಿಯವರೆಗೆ ಓಡಿಸಿ ನೋಡಿ, ಫಲವನ್ನು ಬರೆದಿಡಿ. ಮೂರನ್ನು ಒಟ್ಟಿಗೆ ತಿರುಗಿಸಿದರೆ ದೋಷ ಹೋದರೂ ಕಾರಣ ತಿಳಿಯುವುದಿಲ್ಲ. 800 ಕಿ.ಮೀ. ಆದ ಮೇಲೆ ಆಯಿಲ್ ಬದಲಿಸಿ, ಹೆಡ್ ನಟ್ಟು, ಟ್ಯಾಪೆಟ್ ಮತ್ತೊಮ್ಮೆ ನೋಡಿಸಿ. ಮಾಲೀಕ–ಮೆಕ್ಯಾನಿಕ್ ಜಗಳಕ್ಕೆ ಆಗ ಆಸ್ಪದವೇ ಇರದು.