ನಮ್ಮ ಫೋನಿನ ಮಾತು ಸರ್ಕಾರ ಕೇಳಬಹುದೆ?



ವಾಸ್ಕೋದಲ್ಲಿ, ಝುವಾರಿನಗರದಲ್ಲಿ ದುಡಿಯುವ ನಮ್ಮ ಜನ ಸಂಜೆ ಊರಿಗೆ ಫೋನ್ ಮಾಡುತ್ತಾರೆ. ಮಗಳ ಮದುವೆ, ಹೊಲದ ಸಾಲ, ಅತ್ತೆಯ ಕಾಯಿಲೆ ಎಲ್ಲವನ್ನೂ ಅದರಲ್ಲೇ ಮಾತಾಡ್ತೀವಿ. ನಮಗೆ ತಿಳಿಯದಂತೆ ಬೇರೆಯವರು ಈ ಮಾತು ಕೇಳಿದರೆ? ಅದಕ್ಕೆ ಫೋನ್ ಕದ್ದಾಲಿಕೆ ಅಂತಾರೆ.

ಸರ್ಕಾರಕ್ಕೆ ಹಾಗೆ ಕೇಳುವ ಅಧಿಕಾರ ಇದೆಯೆ? ಇದೆ. ಆದರೆ ಮನಸ್ಸಿಗೆ ಬಂದಂತೆ ಕೇಳುವ ಹಾಗಿಲ್ಲ. ದೇಶದ ಭದ್ರತೆಗೆ, ಜನರ ಸುರಕ್ಷತೆಗೆ ಅಪಾಯ ಇದ್ದಾಗ ಮಾತ್ರ.

ಬ್ರಿಟಿಷರು 1885ರಲ್ಲಿ ಟೆಲಿಗ್ರಾಫ್ ಕಾಯ್ದೆ ತಂದರು. ಅಧಿಕಾರ ಬಂದದ್ದು ಅದರಿಂದ. ಅಧಿಕಾರವನ್ನು ಹೇಗೆ ಬಳಸಬೇಕು ಎಂಬ ನಿಯಮ ಮಾತ್ರ ಬಹಳ ಕಾಲ ಇರಲಿಲ್ಲ. 1988ರಲ್ಲಿ ನಮ್ಮ ಕರ್ನಾಟಕದಲ್ಲೇ ದೊಡ್ಡ ಗದ್ದಲ ಆಯಿತು. ರಾಜಕಾರಣಿಗಳ ಫೋನ್ ಕದ್ದು ಕೇಳಿದ್ದಾರೆ ಎಂಬ ಆರೋಪ ಬಂತು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆಗ ರಾಜೀನಾಮೆ ಕೊಟ್ಟರು. ಮುಂದೆ 1996ರಲ್ಲಿ ಸುಪ್ರೀಂ ಕೋರ್ಟ್ ನಿಯಮ ಹಾಕಿತು. ಈಗ 2023ರ ದೂರಸಂಪರ್ಕ ಕಾಯ್ದೆ ಮತ್ತು 2024ರ ನಿಯಮಗಳಲ್ಲೂ ಆ ಕಟ್ಟುಪಾಡು ಇವೆ.

ಏನು ಆ ಕಟ್ಟುಪಾಡು? ಠಾಣೆಯ ಪೊಲೀಸರು ತಾವಾಗಿಯೇ ನಿಮ್ಮ ಮಾತು ಕೇಳುವಂತಿಲ್ಲ. ಗೃಹ ಕಾರ್ಯದರ್ಶಿಯ ಆದೇಶ ಬೇಕು. ಬಾಯಿಮಾತು ಸಾಲದು, ಕಾರಣ ಬರೆದಿರಬೇಕು. ತುರ್ತು ಇದ್ದರೆ ಬಹಳ ಹಿರಿಯ ಪೊಲೀಸ್ ಅಧಿಕಾರಿ ಮೊದಲು ಆದೇಶ ಕೊಡಬಹುದು. ಅದಕ್ಕೆ ಏಳು ಕೆಲಸದ ದಿನದೊಳಗೆ ಒಪ್ಪಿಗೆ ಸಿಗದಿದ್ದರೆ ಕೇಳುವುದನ್ನು ನಿಲ್ಲಿಸಬೇಕು. ಒಂದು ಆದೇಶ 60 ದಿನ ನಡೆಯುತ್ತದೆ. ಮುಂದುವರಿಸಿದರೂ ಒಟ್ಟು 180 ದಿನ ದಾಟಬಾರದು. ಆದೇಶ ಸರಿಯೋ ತಪ್ಪೋ ಎಂದು ಒಂದು ಸಮಿತಿ ನೋಡುತ್ತದೆ.

ಆ ಸಮಿತಿಯಲ್ಲಿ ಯಾರಿರುತ್ತಾರೆ? ಸರ್ಕಾರದ ಹಿರಿಯ ಅಧಿಕಾರಿಗಳೇ. ಆದೇಶ ಕೊಡುವವರೂ ಅಧಿಕಾರಿ, ತಪ್ಪು ಹುಡುಕುವವರೂ ಅಧಿಕಾರಿ! ಜಡ್ಜ್ ಇಲ್ಲ. ಅಮೆರಿಕದಲ್ಲಿ ಪೊಲೀಸರು ಇದಕ್ಕೆ ಜಡ್ಜ್ ಹತ್ತಿರ ಹೋಗಿ ಅನುಮತಿ ತರಬೇಕು. ನಮ್ಮಲ್ಲೂ ಹಾಗೇ ಇರಬೇಕಿತ್ತು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ಹೆಸರು ನೆನಪಿಡಿ: ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಾಧೀಶರಾಗಿದ್ದವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅವರ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಾಧೀಶರು ಒಂದೇ ಮಾತು ಹೇಳಿದರು. ಖಾಸಗಿತನ ಪ್ರತಿಯೊಬ್ಬರ ಮೂಲಭೂತ ಹಕ್ಕು. ಖಾಸಗಿತನ ಅಂದರೆ ನಮ್ಮ ಮನೆಯ ಮಾತು ನಮ್ಮದಾಗಿ ಉಳಿಯುವುದು. ದೊಡ್ಡವರಿಗೆ ಒಂದು, ಕೂಲಿಯವರಿಗೆ ಒಂದು ಅಂತ ಇಲ್ಲ.

ಈ ತೀರ್ಪಿನಿಂದ ಏನು ಆಯಿತು ಅಂತೀರಾ? ಗೋವಾಕ್ಕೂ ಮುಂಬೈ ಹೈಕೋರ್ಟೇ ಹೈಕೋರ್ಟು. 2019ರಲ್ಲಿ ಅಲ್ಲಿ ಒಬ್ಬ ವ್ಯಾಪಾರಿಯ ಕೇಸು ನಡೆಯಿತು. ಲಂಚದ ತನಿಖೆಗೆಂದು ಸಿ.ಬಿ.ಐ. ಅವರ ಫೋನ್ ಕೇಳಿತ್ತು. ಜನರ ಸುರಕ್ಷತೆಗೆ ಇದರಲ್ಲಿ ಅಪಾಯ ಏನಿತ್ತು ಎಂದು ಕೋರ್ಟ್ ನೋಡಿತು. ಏನೂ ಕಾಣಲಿಲ್ಲ. ಆದೇಶಗಳನ್ನು ರದ್ದು ಮಾಡಿತು. ಕದ್ದು ಕೇಳಿದ ಮಾತಿನ ಪ್ರತಿಗಳನ್ನೂ ನಾಶ ಮಾಡಿ ಎಂದಿತು.

ಆ ವ್ಯಾಪಾರಿಗೆ ವಿಷಯ ತಿಳಿದದ್ದು ಕೇಸು ಕೋರ್ಟಿಗೆ ಬಂದದ್ದರಿಂದ. ಕೇಸೇ ಹಾಕದಿದ್ದರೆ? ನಿಮ್ಮ ಫೋನ್ ಕೇಳಿದ್ದೆವು ಎಂದು ಆಮೇಲಾದರೂ ತಿಳಿಸಬೇಕೆಂಬ ನಿಯಮ ನಮ್ಮ ದೇಶದಲ್ಲಿ ಇನ್ನೂ ಬಂದಿಲ್ಲ.