ಲ್ಯಾಪ್‌ಟಾಪ್ ಮತ್ತು ಸ್ಮೃತಿಯ ಅಳತೆ

ಕೃತಕ ಬುದ್ಧಿಮತ್ತೆಯ ಮಾದರಿಗಳನ್ನು ತನ್ನ ಯಂತ್ರದಲ್ಲಿಯೇ ನಡೆಸಬಯಸುವ ವಿದ್ಯಾರ್ಥಿಯು ಲ್ಯಾಪ್‌ಟಾಪ್ ಕೊಳ್ಳುವಾಗ ಪ್ರಥಮತಃ ವಿಚಾರಿಸತಕ್ಕುದು ರ‍್ಯಾಮ್ ಎಂಬ ಸ್ಮೃತಿಯ ಅಳತೆಯನ್ನು. ಮಾದರಿಯೆಂಬುದು ಅಂಕಿಗಳ ಮಹಾರಾಶಿ; ನಡೆಯುವಾಗ ಆ ರಾಶಿಯೆಲ್ಲವೂ ಸ್ಮೃತಿಯಲ್ಲಿ ಹಿಡಿಸಬೇಕು. 700 ಕೋಟಿ ಅಂಕಿಗಳ ಮಾದರಿಗೆ, ಅಂಕಿಯೊಂದಕ್ಕೆ 16 ಬಿಟ್‌ನಂತೆ, 14 ಗಿಗಾಬೈಟ್ ಬೇಕು. 4 ಬಿಟ್‌ಗೆ ಸಂಕ್ಷೇಪಿಸಿದರೆ ಸುಮಾರು 4 ಸಾಕು. ನಿಖರತೆ ತುಸು ಕುಗ್ಗುವುದಾದರೂ ಕಲಿಕೆಗೆ ಬಾಧಕವಿಲ್ಲ. ಯಂತ್ರದ ಇತರ ಕೆಲಸಗಳೂ ತಮ್ಮ ಪಾಲನ್ನು ಬೇಡುವುದರಿಂದ 16 ಗಿಗಾಬೈಟ್ ಇರುವುದು ಲೇಸು. ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ಪಿದ್ದರೆ ವೇಗ ಹೆಚ್ಚು. ಅದರ ಸ್ವಂತ ಸ್ಮೃತಿ ಎಷ್ಟೆಂಬುದನ್ನು ಬೇರೆಯಾಗಿಯೇ ಕೇಳಬೇಕು. ತೆಳುವಾದ ಯಂತ್ರಗಳು ನೋಟಕ್ಕೇನೋ ಚೆನ್ನ. ಆದರೆ ಅನೇಕವುಗಳಲ್ಲಿ ಸ್ಮೃತಿಯನ್ನು ಬೆಸೆದೇ ಬಿಟ್ಟಿರುತ್ತಾರೆ, ಅನಂತರ ಹೆಚ್ಚಿಸಲಾಗದು. ಬಡ ವಿದ್ಯಾರ್ಥಿಗೆ ಯಂತ್ರವನ್ನೀಯುವ ಮಹನೀಯರು ಇದನ್ನು ಕೇಳಿಯೇ ಹಣ ತೆರಬೇಕೆಂದು ವಿನಂತಿ.