ಅಜ್ಜನ ಕುರ್ಚಿ: ಬೆತ್ತವೋ, ಮೆತ್ತೆಯೋ?

ಪಿತ್ರಾರ್ಜಿತ ಆಸ್ತಿಯೆಂದರೆ ಹೊಲ-ಮನೆ, ಬೆಳ್ಳಿ-ಬಂಗಾರ ಎಂದು ತಿಳಿಯುವವರು ತಿಳಿಯಲಿ. ಡೊಂಬಿವಲಿಯ ಎರಡು ಕೋಣೆಗಳಲ್ಲಿ ಹುಟ್ಟಿ ಬೆಳೆದ ನಮ್ಮಂಥವರ ಪಾಲಿಗೆ ಊರಿನಿಂದ ಬಂದದ್ದು ಒಂದು ತಾಮ್ರದ ಹಂಡೆ, ಒಂದು ಒಳಕಲ್ಲು, ಮತ್ತು ಒಂದು ಕುರ್ಚಿ. ಹಂಡೆಗೆ ಕಲಾಯಿ ಬೇಡ, ಒಳಕಲ್ಲಿಗೆ ಅರಿವೆ ಬೇಡ. ಕುರ್ಚಿಯದೊಂದೇ ತಕರಾರು. ಕಳೆದ ದೀಪಾವಳಿಯಿಂದ ಯುಗಾದಿಯವರೆಗೆ ಅದರ ದೆಸೆಯಿಂದ ಅಣ್ಣ-ತಂಗಿಯರಲ್ಲಿ ಮಾತು ನಿಲ್ಲುವುದೊಂದೇ ಬಾಕಿ ಇತ್ತು. ಇಂಥ ಕುರ್ಚಿ ನಿಮ್ಮ ಮನೆಯ ಮೂಲೆಯಲ್ಲಿಯೂ ಇರಬಹುದಾದ್ದರಿಂದ, ನಮ್ಮ ಮನೆಯ ಪಂಚಾಯತಿಯನ್ನು ನಾಲ್ಕು ಜನರ ಮುಂದಿಡಲು ನಮಗೇನೂ ಸಂಕೋಚವಿಲ್ಲ.

ಕುರ್ಚಿ ನಮ್ಮ ಅಜ್ಜನದು. ಅವರು ಧಾರವಾಡದಲ್ಲಿ ಶಾಲಾ ಮಾಸ್ತರರು. ಹಳಿಯಾಳ, ದಾಂಡೇಲಿಗಳ ಕಾಡು ಅಲ್ಲಿಂದ ಬಹು ದೂರವಲ್ಲ. ಆ ಕಾಲಕ್ಕೆ ಒಳ್ಳೆಯ ಸಾಗುವಾನಿ ಮಾಸ್ತರರ ಸಂಬಳಕ್ಕೂ ನಿಲುಕುತ್ತಿತ್ತು. ಎತ್ತರ ಬೆನ್ನು, ಅಗಲವಾದ ಎರಡು ಕೈ, ಗಟ್ಟಿ ಕಾಲು. ಕೆತ್ತನೆ ಗಿತ್ತನೆ ಏನೂ ಇಲ್ಲ. ಅಪ್ಪ 1964ರಲ್ಲಿ ನೌಕರಿಯ ಮೇಲೆ ಇತ್ತ ಬಂದಾಗ ಅದನ್ನು ಬ್ರೇಕ್ ವ್ಯಾನಿನಲ್ಲಿ ಹಾಕಿಸಿಕೊಂಡು ಬಂದರು. ಆಗ ಧಾರವಾಡದಿಂದ ಪುಣೆಯವರೆಗೆ ಮೀಟರ್ ಗೇಜು. ಪುಣೆಯಲ್ಲಿ ಗಾಡಿ ಬದಲಿಸಿ, ಸಾಮಾನು ಇಳಿಸಿ ಮತ್ತೆ ಏರಿಸಿ, ಘಾಟಿನ ಕೆಳಗೆ ಕಲ್ಯಾಣದಲ್ಲಿ ಇಳಿಯಬೇಕು. ಈ ಏರಿಳಿತದಲ್ಲಿ ಹಿಂದಿನ ಒಂದು ಕಾಲಿನ ಮೂಲೆ ಚಕ್ಕೆ ಎದ್ದಿತು. ಆ ಗುರುತು ಇಂದಿಗೂ ಇದೆ.

ಕಳೆದ ದೀಪಾವಳಿಗೆ ಮನೆ ಝಾಡಿಸುವಾಗ ಕುರ್ಚಿಯ ಕಂದು ರೆಕ್ಸಿನ್ ಅಂಚಿನಿಂದ ಅಂಚಿಗೆ ಹರಿಯಿತು. ಒಳಗಿನ ಫೋಮು ಹಳದಿ ಹಿಟ್ಟಾಗಿ ನೆಲಕ್ಕೆ ಸುರಿಯಿತು. ಖಾರಘರದಲ್ಲಿರುವ ಅಣ್ಣ ಬಂದವನು ನೋಡಿ, "ಮೇಲಿಂದ ಕೆಳಗೆ ಉಜ್ಜಿಸಿ ಪಿ.ಯು. ಪಾಲಿಶ್ ಹೊಡಿಸೋಣ, ದಪ್ಪನ್ನ ಹೊಸ ಮೆತ್ತೆ ಹಾಕಿಸೋಣ, ಖರ್ಚು ನಂದು" ಎಂದನು. ಠಾಣೆಯ ತಂಗಿ ಫೋನಿನಲ್ಲಿಯೇ ಸಿಡಿದಳು: "ಅಜ್ಜನ ಕುರ್ಚಿಗೆ ಬೆತ್ತ ಇತ್ತಂತ. ಬೆತ್ತಾನೇ ಹಾಕಿಸಬೇಕು. ಹೊಸ ಸೋಫಾ ಬೇಕಾದರ ಹೊಸಾದು ತೊಗೋರಿ." ನಾವು ನಡುವಿನವರು, ಹರಿದದ್ದನ್ನು ಹೊಲಿಸಿದರೆ ಸಾಕೆಂಬ ಪಕ್ಷ. ಕುರ್ಚಿ ಇರುವುದು ನಮ್ಮಲ್ಲಿ, ಕಾಲಿಗೆ ಎಡವುವುದೂ ನಮಗೇ.

ಮಾತಿನಿಂದ ಬಗೆಹರಿಯದ್ದು ಕೆಲವೊಮ್ಮೆ ಚಿಮಟಿಗೆಯಿಂದ ಬಗೆಹರಿಯುತ್ತದೆ. ಒಂದು ರವಿವಾರ ಕುರ್ಚಿಯನ್ನು ಬೋರಲು ಹಾಕಿ ಮೊಳೆಗಳನ್ನು ಒಂದೊಂದಾಗಿ ಕಿತ್ತೆವು. ಕಂದು ರೆಕ್ಸಿನ್ನಿನ ಕೆಳಗೆ ಫೋಮಿನ ಪುಡಿ. ಅದರ ಕೆಳಗೆ ಬಣ್ಣಗೆಟ್ಟ ನೀಲಿ ರೆಕ್ಸಿನ್ನಿನ ಚೂರುಗಳು. ಅದರ ಕೆಳಗೆ ತೆಂಗಿನ ನಾರು. ಎಲ್ಲಕ್ಕೂ ಕೆಳಗೆ, ಪೀಠದ ಚೌಕಟ್ಟಿನ ನಾಲ್ಕೂ ಬದಿಗೆ, ಅರ್ಧರ್ಧ ಅಂಗುಲಕ್ಕೊಂದರಂತೆ ಕೊರೆದ ಸಾಲು ತೂತುಗಳು. ಕೆಲವು ತೂತುಗಳಲ್ಲಿ ಕರಿಗಟ್ಟಿದ ಬೆತ್ತದ ತುದಿ ಇನ್ನೂ ಸಿಕ್ಕಿಕೊಂಡಿತ್ತು. ತಂಗಿಯ ಮಾತು ನಿಜವಾಗಿತ್ತು.

ಈ ತೂತುಗಳ ಸಂಗತಿಯನ್ನು ತುಸು ಬಿಡಿಸಿ ಹೇಳುವುದು ಒಳ್ಳೆಯದು. ಹಳೆಯ ಕುರ್ಚಿಯ ಜಾತಕ ಅಲ್ಲಿಯೇ ಇರುತ್ತದೆ. ಚೌಕಟ್ಟಿನಲ್ಲಿ ಸಾಲು ತೂತುಗಳಿದ್ದರೆ ಅದು ಕೈಯಿಂದ ಹೆಣೆದ ಬೆತ್ತದ ಕುರ್ಚಿ. ತೂತಿನ ಬದಲು ಸುತ್ತಲೂ ಒಂದು ಗಾಡಿ ಕೊರೆದಿದ್ದರೆ, ಯಂತ್ರದಲ್ಲಿ ನೇಯ್ದ ಬೆತ್ತದ ಹಾಳೆಯನ್ನು ಅದರಲ್ಲಿ ಅಂಟಿಸಿ, ಮೇಲೆ ಬೆತ್ತದ ದಾರ ಕೂಡಿಸಿದ್ದು. ಅದು ಸುಲಭದ ಕೆಲಸ. ತೂತೂ ಇಲ್ಲ, ಗಾಡಿಯೂ ಇಲ್ಲ, ಅಡಿಯಲ್ಲಿ ಗೋಣಿಯ ಪಟ್ಟಿ, ಸ್ಪ್ರಿಂಗು ಇವೆಯೆಂದರೆ, ಅದು ಹುಟ್ಟಿನಿಂದಲೇ ಮೆತ್ತೆಯ ಕುರ್ಚಿ. ಅದಕ್ಕೆ ಬೆತ್ತ ಹಾಕಿಸಲು ಹೋಗುವುದು ಅಜ್ಜನಿಗೆ ಜೀನ್ಸ್ ತೊಡಿಸಿದಂತೆ.

ಬೆತ್ತದ ಕುರ್ಚಿ ನಮ್ಮ ಸೀಮೆಗಷ್ಟೇ ಸೇರಿದ್ದಲ್ಲ. ಮುಂಬಯಿಯ ಇರಾಣಿ ಹೋಟೆಲುಗಳಲ್ಲಿ ಬಾಗಿದ ಕಟ್ಟಿಗೆಯ ಕಪ್ಪು ಕುರ್ಚಿಗಳನ್ನು ನೋಡಿದವರು ನಮ್ಮಲ್ಲಿ ಬಹಳ ಜನ ಇರಬೇಕು. ಆ ಬಗೆಯ ಮೂಲಪುರುಷ ಮೈಕೇಲ್ ಥೋನೆಟ್ ಎಂಬ ಕುಶಲಿಯದು. 1859ರ ಅವನ 14ನೆಯ ನಮೂನೆಯಲ್ಲಿ ಇದ್ದದ್ದು ಆರು ತುಂಡು ಕಟ್ಟಿಗೆ, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಅದಕ್ಕೂ ಪೀಠ ಬೆತ್ತದ್ದೇ. ಬೆತ್ತ ಹಗುರ, ಗಾಳಿಯಾಡುತ್ತದೆ, ಬೆವರು ಹಿಡಿಯುವುದಿಲ್ಲ. ಕಲ್ಯಾಣದ ಮೇ ತಿಂಗಳಲ್ಲಿ ರೆಕ್ಸಿನ್ನಿನ ಮೇಲೆ ಬನಿಯನ್ನಿನಲ್ಲಿ ಕುಳಿತು ಎದ್ದವರಿಗೆ ಇದರ ಮಹತ್ವವನ್ನು ಯಾರೂ ವಿವರಿಸಬೇಕಾಗಿಲ್ಲ.

ಹೀಗೆ ತಂಗಿಯ ಪಕ್ಷ ಗೆದ್ದಿತೆಂದುಕೊಳ್ಳುವಷ್ಟರಲ್ಲಿ ಅವ್ವ ಒಳಗಿನಿಂದ ಬಂದಳು. ನೆಲದ ಮೇಲೆ ಬಿದ್ದ ನೀಲಿ ಚೂರನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದಳು.

"ಇದು ನಿಮ್ಮಪ್ಪ ಹಾಕಿಸಿದ್ದು. ಎಪ್ಪತ್ತೆಂಟರ ದೀಪಾವಳಿ ಬೋನಸ್ಸಿನ್ಯಾಗ. ಬೆತ್ತಾ ಹರದಿದ್ದು ಯಾರು ಅಂತ ಕೇಳ್ರಿ" ಎಂದು ಅಣ್ಣನ ಕಡೆ ನೋಡಿದಳು. ಆರು ವರ್ಷದ ಅಣ್ಣ ಗೂಡಿನಲ್ಲಿಯ ಉಂಡೆಯ ಡಬ್ಬಿ ತೆಗೆಯಲು ಕುರ್ಚಿ ಹತ್ತಿ ನಿಂತಿದ್ದನಂತೆ. ಪೀಠ ಹರಿದು ಒಂದು ಕಾಲು ಕೆಳಗೆ ಇಳಿಯಿತಂತೆ. ಬೆತ್ತ ಕೂಡುವ ಭಾರವನ್ನು ತಡೆಯುತ್ತದೆ, ನಿಲ್ಲುವ ಭಾರವನ್ನು ತಡೆಯುವುದಿಲ್ಲ. ಆಗ ಚಾಳಿನಲ್ಲಿ ಬೆತ್ತದವನು ಸಿಗಲಿಲ್ಲ. ಸಿಕ್ಕರೂ ಮಗ ಮತ್ತೆ ಹತ್ತುವವನೇ ಎಂದು ಅಪ್ಪ ನಾರು ತುಂಬಿಸಿ ನೀಲಿ ರೆಕ್ಸಿನ್ ಹೊಡೆಸಿದರು. ಅವರು ಇದ್ದಷ್ಟು ಕಾಲ ಕುಳಿತದ್ದು ಆ ಮೆತ್ತೆಯ ಮೇಲೆ, ಆಮೇಲೆ ಬಂದ ಫೋಮಿನ ಮೇಲೆ.

ನಮಗೆ ಏನು ಹೇಳಬೇಕೋ ತಿಳಿಯಲಿಲ್ಲ. "ಮೊದಲಿನ ಹಾಗೆ" ಮಾಡಿಸುವುದೆಂದರೆ ಯಾವ ಮೊದಲು? ಅಜ್ಜನ ಕುರ್ಚಿಯನ್ನು ಮರಳಿ ಪಡೆಯಬೇಕೆಂದರೆ ಅಪ್ಪನ ಕುರ್ಚಿಯನ್ನು ಕಿತ್ತು ಹಾಕಬೇಕು. ನಾವು ಮೂವರಲ್ಲಿ ಅಜ್ಜನನ್ನು ಕಣ್ಣಾರೆ ಕಂಡವರು ಒಬ್ಬರೂ ಇಲ್ಲ. ತಂಗಿಯೂ ಸುಮ್ಮನಾದಳು.

ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ಕಟ್ಟಿ ನಿಲ್ಲಿಸಿದ ಹಸ್ತಶಿಲ್ಪ ಗ್ರಾಮ ಉಂಟು. ಕುಪ್ಪಳಿಯಲ್ಲಿ ಕುವೆಂಪು ಅವರ ಕವಿಮನೆ ಉಂಟು. ಅಲ್ಲಿ ಹಳೆಯ ಸಾಮಾನುಗಳನ್ನು ನೋಡಿ ಬಂದವರಿಗೆ ತಮ್ಮ ಮನೆಯದನ್ನೂ ಹಾಗೆಯೇ ಇಡಬೇಕೆನಿಸುವುದು ಸಹಜ. ಆದರೆ ಸಂಗ್ರಹಾಲಯದ ಕುರ್ಚಿಯ ಮೇಲೆ ಯಾರೂ ಕೂಡುವುದಿಲ್ಲ. ಎಂಬತ್ತರ ಸಮೀಪದ ಅವ್ವ ದಿನಕ್ಕೆ ಹತ್ತು ಸಲ ಕೂತು ಏಳಬೇಕು. ಅವಳೇ ಅಂದಳು: "ಜಗಳಾ ನೀವು ಮಾಡತೀರಿ, ಅದರೊಳಗ ಕೂಡೋಕಿ ನಾನು. ನನ್ನ ಒಬ್ಬರಾದ್ರೂ ಕೇಳಿದಿರೇನು?"

ಕೇಳಿದೆವು. ಫೋಮು ಕುಸಿದಾಗಿನಿಂದ ಏಳುವಾಗ ಮೊಣಕಾಲು ಹಿಡಿಯುತ್ತದೆ, ಮಳೆಗಾಲದಲ್ಲಿ ಮುಗ್ಗಲು ನಾತ, ಬೇಸಿಗೆಯಲ್ಲಿ ಬೆವರು. ಇಷ್ಟು ದಿನ ಹೇಳಿರಲಿಲ್ಲ, ಅಪ್ಪ ಕುಳಿತದ್ದೆಂದು. ಬಿಗಿಯಾಗಿ ಹೆಣೆದ ಬೆತ್ತ ಅಷ್ಟು ಕುಸಿಯುವುದಿಲ್ಲ, ಎತ್ತರ ಉಳಿಯುತ್ತದೆ, ಎರಡೂ ಕೈಗಳ ಮೇಲೆ ಭಾರ ಕೊಟ್ಟು ಏಳಬಹುದು. ಮುದುಕರ ಕುರ್ಚಿಗೆ ದಪ್ಪ ಮೆತ್ತೆಯೇ ಸುಖವೆಂಬ ನಮ್ಮ ತಿಳಿವಳಿಕೆ ಇಲ್ಲಿ ತಪ್ಪಿತು. ಬೆತ್ತವೆಂದು ನಿಶ್ಚಯವಾಯಿತು, ಮೇಲೊಂದು ತೆಳ್ಳನ್ನ ಹತ್ತಿಯ ಗಾದಿ, ಕಸೆ ಕಟ್ಟಿ ಬಿಚ್ಚುವಂಥದು.

ಹೆಣೆಯುವವರನ್ನು ಹುಡುಕುವುದೇ ದೊಡ್ಡ ಕೆಲಸವಾಯಿತು. ಉಲ್ಹಾಸನಗರದ ಫರ್ನಿಚರ್ ಬಾಜಾರಿನಲ್ಲಿ ಹತ್ತು ಕಡೆ ಕೇಳಿದೆವು; ಹೊಸ ಸೋಫಾ ತೋರಿಸಿದರು. ಒಬ್ಬರು ಪ್ಲಾಸ್ಟಿಕ್ ಬೆತ್ತ ಹಾಕಿಕೊಡುವೆನೆಂದರು. ನಿಜವಾದ ಬೆತ್ತದ ಸಿಪ್ಪೆಯನ್ನು ನೀರಿನಲ್ಲಿ ನೆನೆಸಿ ಹೆಣೆಯುತ್ತಾರೆ. ಒಣಗುತ್ತ ಅದು ತಾನೇ ಎಳೆದುಕೊಂಡು ತಂಬೂರಿಯ ತಂತಿಯಂತೆ ಬಿಗಿಯುತ್ತದೆ. ಪ್ಲಾಸ್ಟಿಕ್ಕಿಗೆ ಈ ಗುಣವಿಲ್ಲ. ಕಡೆಗೆ ಕಲ್ಯಾಣದಲ್ಲಿ ಪರಿಚಯದವರೊಬ್ಬರ ಮುಖಾಂತರ ಒಬ್ಬ ವೃದ್ಧರು ಸಿಕ್ಕರು. ಅವರಿಗೆ ಕಣ್ಣು ಕಾಣುವುದಿಲ್ಲ. ಬೆತ್ತದ ಹೆಣಿಗೆಯನ್ನು ಅಂಧರ ಶಾಲೆಗಳಲ್ಲಿ ಬಹುಕಾಲ ಕಲಿಸುತ್ತಿದ್ದರು. ಸರಕಾರಿ ಕಚೇರಿಗಳಲ್ಲಿ ಕುರ್ಚಿ ಹೆಣೆಯಲೆಂದೇ ಅಂಧರನ್ನು ನೇಮಿಸುತ್ತಿದ್ದ ಕಾಲವೂ ಇತ್ತು. ಫೋಮು, ಪ್ಲಾಸ್ಟಿಕ್ ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು.

ಅವರು ಚೌಕಟ್ಟಿನ ಮೇಲೆ ಬೆರಳಾಡಿಸಿ, ಮೊದಲು ಸುತಾರನ ಬಳಿ ಒಯ್ಯಿರಿ ಎಂದರು. ಫೋಮು ಹಾಕಿದ ಅಂಗಡಿಯವನು ತೂತುಗಳ ಸಾಲಿನಲ್ಲಿಯೇ ಮೊಳೆ ಬಡಿದಿದ್ದನು. ಮೂರು ಕಡೆ ತೂತಿನಿಂದ ತೂತಿಗೆ ಸೀಳು ಬಿಟ್ಟಿತ್ತು. ಬೆತ್ತ ಬಿಗಿದಾಗ ಚೌಕಟ್ಟನ್ನು ನಾಲ್ಕೂ ಕಡೆಯಿಂದ ಒಳಗೆ ಎಳೆಯುತ್ತದೆ. ಸೀಳಿದ ಕಟ್ಟಿಗೆ ಅದಕ್ಕೆ ನಿಲ್ಲದು. ಸುತಾರನು ಹಳೆಯ ಸಾಗುವಾನಿಯ ಚಕ್ಕೆ ಕೂಡಿಸಿ ಹೊಸ ತೂತು ಕೊರೆದನು. ಅಲುಗಾಡುತ್ತಿದ್ದ ಕಾಲಿಗೆ ಕಬ್ಬಿಣದ ಪಟ್ಟಿ ಬಡಿಯಲು ಹೊರಟಾಗ ನಾವು ತಡೆದೆವು. ಹಿಂದಿನ ಬಡಗಿಗಳು ಪ್ರಾಣಿಯ ತೊಗಲು-ಮೂಳೆ ಕಾಯಿಸಿ ತೆಗೆದ ಅಂಟು ಬಳಸುತ್ತಿದ್ದರು. ಬಿಸಿ ನೀರು ತಗಲಿಸಿದರೆ ಅದು ಬಿಡುತ್ತದೆ, ಸಂದನ್ನು ಬಿಚ್ಚಿ ಸ್ವಚ್ಛ ಮಾಡಿ ಮತ್ತೆ ಕೂಡಿಸಬಹುದು. ಫೆವಿಕಾಲ್ ಬಂದದ್ದು 1959ರಲ್ಲಿ. ಅದಕ್ಕೂ ಹಿಂದಿನ ಕುರ್ಚಿಯಾದರೆ ಈ ಪ್ರಯತ್ನ ಮಾಡಿ ನೋಡತಕ್ಕದ್ದು.

ಪಾಲಿಶಿನ ವಿಷಯದಲ್ಲಿ ಅಣ್ಣನೊಡನೆ ಇನ್ನೊಂದು ಸುತ್ತು ನಡೆಯಿತು. ಬಲಗೈಯ ಮೇಲೆ ಬಿಳಿಯ ಉಂಗುರದಂಥ ಕಲೆಯಿದೆ: ಅಪ್ಪನ ಚಹಾದ ಲೋಟದ್ದು. ಆ ಕಲೆಯೇ ಪಾಲಿಶಿನ ಜಾತಿಯನ್ನು ಹೇಳಿಬಿಡುತ್ತದೆ. ಹಳೆಯ ಪಾಲಿಶ್ ಅರಗಿನದು, ಇಲ್ಲಿಯವರು ಚಪಡಾ ಎನ್ನುವರು. ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ತಿಕ್ಕಿದ್ದು. ಬಿಸಿ ಮತ್ತು ನೀರು ತಗಲಿದರೆ ಅದು ಬಿಳುಚುತ್ತದೆ. ಅನುಮಾನವಿದ್ದರೆ ಕುರ್ಚಿಯ ಅಡಿಯಲ್ಲಿ, ಕಾಣದ ಕಡೆ, ಹತ್ತಿಯಿಂದ ತುಸು ಸ್ಪಿರಿಟ್ ಹಚ್ಚಿ ನೋಡಿ, ಅಂಟಂಟಾದರೆ ಅರಗು. ಅರಗಿನ ಲಾಭವೆಂದರೆ ಕಟ್ಟಿಗೆ ಕೆರೆಯದೆ ಅದರ ಮೇಲೆಯೇ ಹೊಸ ಕೈ ಕೊಡಬಹುದು. ಪಿ.ಯು. ನೀರು, ಬಿಸಿ ಎರಡನ್ನೂ ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಅದಕ್ಕಾಗಿ ಹಳೆಯದನ್ನೆಲ್ಲ ಕೆರೆದು ಹಾಕಬೇಕು. ನೂರು ವರ್ಷದ ಕೈಗಳು ತಿಕ್ಕಿ ತಂದ ಮೈಬಣ್ಣವೂ ಅದರೊಡನೆ ಹೋಗುತ್ತದೆ. ಪಾಲಿಶಿನವನು ಉಂಗುರದ ಕಲೆಯನ್ನು ಸ್ಪಿರಿಟ್ಟಿನಲ್ಲಿ ಎರಡು ನಿಮಿಷದಲ್ಲಿ ತೆಗೆಯುವೆನೆಂದಾಗ ಅಣ್ಣನೇ "ಬ್ಯಾಡ, ಅದಿರಲಿ" ಎಂದನು.

ಎಲ್ಲರೂ ಹೀಗೆ ಮಾಡಬೇಕೆಂದು ನಮ್ಮ ಆಗ್ರಹವಿಲ್ಲ. ಎಪ್ಪತ್ತು-ಎಂಬತ್ತರ ದಶಕದ ಪ್ಲೈವುಡ್ ಸೋಫಾಕ್ಕೆ ಧಾರಾಳವಾಗಿ ಹೊಸ ಫೋಮು, ಹೊಸ ಬಟ್ಟೆ ಹಾಕಿಸಿ; ಅಲ್ಲಿ ಕಳೆದುಕೊಳ್ಳುವಂಥದು ಏನೂ ಇಲ್ಲ. ಮನೆಯಲ್ಲಿ ಕುಣಿಯುವ ಮಕ್ಕಳೋ ಉಗುರು ಮಸೆಯುವ ಬೆಕ್ಕೋ ಇದ್ದರೆ ಬೆತ್ತಕ್ಕೆ ಐದಾರು ವರ್ಷ ತಡೆಯಿರಿ. ಕಾಲ ಬುಡದಲ್ಲಿ ಸೂಜಿಮೊನೆಯ ತೂತುಗಳಿಂದ ಹೊಸ ಪುಡಿ ಉದುರುತ್ತಿದ್ದರೆ, ಬೆತ್ತ-ಮೆತ್ತೆಗಳ ಚರ್ಚೆ ಬಿಟ್ಟು ಮೊದಲು ಹುಳುವಿಗೆ ಔಷಧ ಮಾಡಿ. ಇನ್ನು ನಿಮ್ಮದು ಬೀಟೆಯ ಕುರ್ಚಿಯಾದರೆ (ಎತ್ತಿದರೆ ಭಾರ, ಕಪ್ಪಿನಲ್ಲಿ ನೇರಳೆಯ ಛಾಯೆ), ಭಂಗಾರದವನಿಗೆ ಕೊಡುವ ಮುನ್ನ ಎರಡು ಸಲ ವಿಚಾರ ಮಾಡಿ. ಬೀಟೆಯ ಜಾತಿಯೆಲ್ಲ 2017ರಿಂದ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿದೆ. ಅಂಥ ಕಟ್ಟಿಗೆ ಇನ್ನು ಸುಲಭವಾಗಿ ಸಿಗದು.

ಹೆಣಿಗೆಗೆ ಐದು ದಿನ ಹಿಡಿಯಿತು. ಉದ್ದಕ್ಕೊಂದು ಸಾಲು, ಅಡ್ಡಕ್ಕೊಂದು, ಮತ್ತೆ ಉದ್ದಕ್ಕೆ, ಮತ್ತೆ ಅಡ್ಡಕ್ಕೆ, ಆಮೇಲೆ ಎರಡು ಓರೆ ಸಾಲು, ಕೊನೆಗೆ ತೂತು ಮುಚ್ಚುವ ಅಂಚು: ಹೀಗೆ ಏಳು ಹಂತ. ಮೂರನೆಯ ದಿನ ಓರೆ ಸಾಲು ಹಾಕುವಾಗ ವೃದ್ಧರು ಒಂದು ಎಳೆ ತಪ್ಪಿತೆಂದು ತಾವೇ ಬೆರಳಿನಿಂದ ಕಂಡುಹಿಡಿದು, ಮುಕ್ಕಾಲು ಅಡಿ ಬಿಚ್ಚಿದರು. ಎರಡು ಕಣ್ಣಿದ್ದ ನಮಗೆ ಅದು ಕಂಡಿರಲಿಲ್ಲ. ಕೂಲಿ ಹೊಸ ಮೆತ್ತೆಯ ಸುಮಾರು ಎರಡರಷ್ಟಾಯಿತು, ಅಣ್ಣ ಕೊಟ್ಟನು. ಹರಿದವನು ಅವನೇ ಅಲ್ಲವೇ? ಆರು ತಿಂಗಳಿಗೊಮ್ಮೆ ಅಡಿಯಿಂದ ಒದ್ದೆ ಬಟ್ಟೆ ಆಡಿಸಿರಿ, ಬಿಸಿಲಿಗೆ ಇಡಬೇಡಿರಿ ಎಂದು ಅಜ್ಜನವರು ಹೇಳಿ ಕಳಿಸಿದರು.

ಗಾದಿಯ ಬಟ್ಟೆಗಾಗಿ ತಂಗಿ ಠಾಣೆಯ ಅಂಗಡಿಗಳಿಂದ ಇಳಕಲ್ ಅಂಚಿನದು, ಖಾದಿಯದು, ಹೂವಿನದು ಎಂದು ಆರು ತುಂಡು ತಂದಳು. ಅವ್ವ ಯಾವುದನ್ನೂ ಒಪ್ಪಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ ಆ ನೀಲಿ ಚೂರನ್ನು ತೆಗೆದು, "ಇದಕ್ಕ ಹೊಂದೋದು ತಾ" ಎಂದಳು. ಮುಂದಿನ ರವಿವಾರ ತಂಗಿ ಅದನ್ನು ಪರ್ಸಿನಲ್ಲಿಟ್ಟುಕೊಂಡು ಮತ್ತೆ ಬಾಜಾರಿಗೆ ಹೋದಳು.